ಎಂಟು ಜನ, ಒಂದು ಟೇಬಲ್: ಮಂಗಳೂರು ಮೀನಿನ ಹೋಟೆಲಿನಲ್ಲಿ ಹಂಚಿಕೊಂಡು ತಿನ್ನಲು ಆರ್ಡರ್ ಮಾಡುವ ಕ್ರಮ

ಎಂಟು ಜನ ಸೇರಿ ಮಂಗಳೂರು ಶೈಲಿಯ ಮೀನಿನ ಹೋಟೆಲಿಗೆ ಹೋಗುತ್ತಾರೆ. ಮೆನು ಬಂದ ಕೂಡಲೇ ಒಬ್ಬೊಬ್ಬರೂ ತಮಗೆ ಬೇಕಾದ್ದನ್ನು ಹೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಟೇಬಲ್ ಮೇಲೆ ಚಿಕನ್ ಘೀ ರೋಸ್ಟ್, ಸಿಗಡಿ ಘೀ ರೋಸ್ಟ್, ಪನೀರ್ ಘೀ ರೋಸ್ಟ್ ಮೂರೂ ಬಂದು ಕೂರುತ್ತವೆ. ನೀರುದೋಸೆ ತಣ್ಣಗಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಗಸಿ, ಅಂದರೆ ಕಾಯಿ ಅರೆದ ಗ್ರೇವಿ, ಬರುವಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ. ಕೊನೆಗೆ ಬಿಲ್ ನೋಡಿದರೆ ಒಂದೇ ಒಂದು ಮೀನಿಗೆ ಯಾರೂ ಊಹಿಸದ ರೇಟು!

ಇದೇ ಕಥೆ ಬೇರೆ ಬೇರೆ ಜನರಿಂದ ಕೇಳುತ್ತಲೇ ಇದ್ದೇನೆ. ತಪ್ಪು ಆಗುವ ಜಾಗ ಹೆಚ್ಚು ಕಡಿಮೆ ಒಂದೇ. ಈ ಹೋಟೆಲುಗಳ ಅಡುಗೆ ಮನೆಯೂಟದ ಕ್ರಮದ್ದು. ಗಸಿ, ಕಾಯಿತುರಿಯ ಒಣ ಸುಕ್ಕ, ಹುಳಿಖಾರದ ಪುಳಿಮುಂಚಿ ಎಲ್ಲವೂ ಪಾತ್ರೆಯಲ್ಲಿ ಬರುತ್ತವೆ, ಎಲ್ಲರೂ ಬಡಿಸಿಕೊಂಡು ತಿನ್ನುವಂಥವು. ಅವನ್ನು ತಲೆಗೊಂದು ಐಟಂ ಲೆಕ್ಕದಲ್ಲಿ ತರಿಸಿದರೆ ಊಟ ಕೆಡುತ್ತದೆ. ಆರ್ಡರ್ ಇಡೀ ಟೇಬಲ್‌ಗೆ ಆಗಬೇಕು, ಸುತ್ತು ಸುತ್ತಾಗಿ ಆಗಬೇಕು, ಒಬ್ಬರ ಬಾಯಿಂದ ಆಗಬೇಕು. ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ.

## ಮೊದಲೇ ಇಟ್ಟುಕೊಳ್ಳಬೇಕಾದ್ದು

- ಎಷ್ಟು ಜನ, ಯಾರು ಏನು ತಿನ್ನುವುದಿಲ್ಲ ಅನ್ನುವ ಪಟ್ಟಿ. ಮೊಬೈಲಿನಲ್ಲಿ ಬರೆದುಕೊಂಡರೆ ಸಾಕು.
- ಆರ್ಡರ್ ಹೇಳುವುದಕ್ಕೆ ಒಬ್ಬರು. ಅವರಿಗೆ ಕರಾವಳಿ ಅಡುಗೆ ಗೊತ್ತಿರಲೇಬೇಕು ಅಂತೇನಿಲ್ಲ, ನಾಲ್ಕು ಪ್ರಶ್ನೆ ಕೇಳುವ ತಾಳ್ಮೆ ಇರಬೇಕು.
- ತಲೆಗೆ ಇಷ್ಟು ಖರ್ಚು ಅಂತ ಮೊದಲೇ ಮಾತಾಡಿಕೊಂಡ ಒಂದು ಅಂದಾಜು. ಇದನ್ನು ಮಾತಾಡಲು ಜನ ಮುಜುಗರಪಡುತ್ತಾರೆ. ಬಿಲ್ ಬಂದ ಮೇಲೆ ಆಗುವ ಮುಜುಗರ ಇದಕ್ಕಿಂತ ಜಾಸ್ತಿ.

## ಹಂತ 1: ದಿನ ಮತ್ತು ಹೊತ್ತು ಆರಿಸಿ

ಮೀನಿನ ಊಟಕ್ಕೆ ಕ್ಯಾಲೆಂಡರ್ ನೋಡಬೇಕು. ಕರ್ನಾಟಕ ಸೇರಿ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಮೀನು ಮೊಟ್ಟೆಯಿಡುವ ಕಾಲ ಅದು, ಸಮುದ್ರವೂ ಒರಟಾಗಿರುತ್ತದೆ. ಆಗ ನಮ್ಮ ಕಡೆ ನಾಡದೋಣಿಯವರು ಹಿಡಿದದ್ದು ಮಾತ್ರ ತಾಜಾ ಸಿಗುತ್ತದೆ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಅರ್ಧ ಕಳೆದ ಮೇಲೆ ಆ ಕಡೆಯಿಂದ ಐಸ್‌ನಲ್ಲಿ ಮೀನು ಬರುವುದುಂಟು.

ಆ ಎರಡು ತಿಂಗಳು ಹೋಗಲೇಬಾರದು ಅಂತಲ್ಲ. ಆಗ ಕೋಳಿ, ಮರುವಾಯಿ (ಚಿಪ್ಪುಮೀನು), ತರಕಾರಿ ಐಟಂಗಳ ಕಡೆ ವಾಲಿ. ಮಳೆಗಾಲದಲ್ಲಿ ಪತ್ರೊಡೆ (ಕೆಸುವಿನ ಎಲೆಯ ಕಡುಬು) ಮಾಡುವ ಹೋಟೆಲ್ ಸಿಕ್ಕಿದರೆ ಬಿಡಬೇಡಿ.

ಎಚ್ಚರಿಕೆಯ ಗುರುತು: ಜುಲೈ ತಿಂಗಳಲ್ಲಿ ಮೆನುವಿನ ಎಲ್ಲ ಮೀನೂ ಇದೆ, ಎಲ್ಲವೂ ಇವತ್ತೇ ಬಂದದ್ದು ಅಂದರೆ ನಂಬಬೇಡಿ.

ಹೊತ್ತಿನ ವಿಷಯ. ಮಧ್ಯಾಹ್ನ ಆದರೆ 12.30ಕ್ಕೆ ಮುಂಚೆ ಕೂತುಬಿಡಿ. ಒಳ್ಳೆಯ ಮೀನು ಮೊದಲು ಖಾಲಿಯಾಗುತ್ತದೆ. ಎರಡು ಗಂಟೆಗೆ ಹೋದವರಿಗೆ ಉಳಿದದ್ದು ಸಿಗುತ್ತದೆ. ಭಾನುವಾರ ಎಂಟು ಜನ ಒಟ್ಟಿಗೆ ಕೂರುವ ಜಾಗ ಸಿಗುವುದು ಕಷ್ಟ. ಸಣ್ಣ ಹೋಟೆಲುಗಳು ಟೇಬಲ್ ಕಾದಿರಿಸುವುದಿಲ್ಲ, ಬಂದವರಿಗೆ ಬಂದ ಹಾಗೆ. ನಿಮ್ಮ ಗುಂಪಿನಲ್ಲಿ ಸೋಮವಾರ, ಶನಿವಾರ, ಸಂಕಷ್ಟಿ ಅಂತ ಮಾಂಸ ಬಿಡುವವರು ಇದ್ದಾರಾ ಅಂತಲೂ ಮೊದಲೇ ಕೇಳಿ. ಅರ್ಧ ಜನ ತಿನ್ನದ ದಿನ ಹಂಚುವ ಊಟ ಇಟ್ಟುಕೊಂಡರೆ ಯಾರಿಗೂ ಸರಿಹೋಗುವುದಿಲ್ಲ.

## ಹಂತ 2: ಹೋಗುವ ಮುಂಚೆ ಒಂದು ಫೋನ್

ಮೂರೇ ಪ್ರಶ್ನೆ. ಎಂಟು ಜನಕ್ಕೆ ಒಂದೇ ಟೇಬಲ್ ಆಗುತ್ತದಾ? ಇವತ್ತು ಯಾವ ಮೀನು ಬಂದಿದೆ? ಮಧ್ಯಾಹ್ನ ಊಟ ಮಾತ್ರವಾ, ಬಿಡಿಬಿಡಿಯಾಗಿಯೂ ಕೊಡುತ್ತೀರಾ?

ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಕೆಲವು ಕಡೆ ಮಧ್ಯಾಹ್ನ ಮೀನೂಟವೇ ಮುಖ್ಯ: ಅನ್ನ, ಮೀನಿನ ಸಾರು, ಪಲ್ಯ, ಉಪ್ಪಿನಕಾಯಿ, ಜೊತೆಗೆ ಬೇಕಾದ ಫ್ರೈ. ಈ ಊಟವನ್ನು ಇಬ್ಬರು ಹಂಚಿಕೊಳ್ಳಲು ಹೆಚ್ಚಿನ ಹೋಟೆಲಿನವರು ಬಿಡುವುದಿಲ್ಲ, ಯಾಕೆಂದರೆ ಅನ್ನ ಸಾರು ಕೇಳಿದಷ್ಟು ಹಾಕುತ್ತಾರೆ. ಅಂಥ ಕಡೆ ಎಲ್ಲರಿಗೂ ಒಂದೊಂದು ಊಟ ಹೇಳಿ, ಫ್ರೈ ಮತ್ತು ಸುಕ್ಕವನ್ನು ಮಾತ್ರ ಹಂಚಿಕೊಳ್ಳಿ. ಗಸಿ ತರಿಸುವ ಅಗತ್ಯವೇ ಇಲ್ಲ.

ಫೋನಿನಲ್ಲಿ ‘ಎಲ್ಲಾ ಇದೆ ಸಾರ್’ ಅಂತ ಮಾತ್ರ ಉತ್ತರ ಬಂದರೆ ಇನ್ನೊಮ್ಮೆ ಹೆಸರು ಹಿಡಿದು ಕೇಳಿ: ಕಾಣೆ (ಲೇಡಿಫಿಶ್) ಇದೆಯಾ, ಅಂಜಲ್ (ಸುರ್ಮೈ) ಇದೆಯಾ, ಬೂತಾಯಿ (ಸಾರ್ಡೀನ್) ಇದೆಯಾ? ಹೆಸರು ಹಿಡಿದು ಕೇಳಿದರೆ ಸರಿಯಾದ ಉತ್ತರ ಬರುತ್ತದೆ.

## ಹಂತ 3: ಕೂರುವ ಕ್ರಮ

ಉದ್ದ ಟೇಬಲಿನಲ್ಲಿ ಎಂಟು ಜನ ಕೂತರೆ ಪಾತ್ರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದಿಲ್ಲ. ಮಧ್ಯದವರು ತಿನ್ನುತ್ತಾರೆ, ತುದಿಯವರು ಕಾಯುತ್ತಾರೆ. ಆದ್ದರಿಂದ ಆರಕ್ಕಿಂತ ಜಾಸ್ತಿ ಜನ ಇದ್ದರೆ ಟೇಬಲನ್ನು ಎರಡು ಭಾಗ ಅಂತ ತಿಳಿದುಕೊಳ್ಳಿ. ಪ್ರತಿ ಗ್ರೇವಿಯನ್ನೂ ಎರಡು ಬಟ್ಟಲಿಗೆ ಭಾಗ ಮಾಡಿ ತರಲು ಹೇಳಿ. ಒಂದು ಫುಲ್ ಪ್ಲೇಟನ್ನು ಎರಡು ಬಟ್ಟಲಲ್ಲಿ ಕೊಡಿ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಸಸ್ಯಾಹಾರಿಗಳನ್ನು ಒಂದೇ ತುದಿಯಲ್ಲಿ ಕೂರಿಸಿ. ಅವರನ್ನು ದೂರ ಇಡುವುದಕ್ಕಲ್ಲ. ಅವರ ಪಾತ್ರೆಗೆ ಮೀನಿನ ಸೌಟು ಬೀಳದಿರಲಿ ಅಂತ.

## ಹಂತ 4: ಸಪ್ಲೈಯರ್ ಹತ್ತಿರ ಕೇಳುವುದು

ಮೆನು ಪಕ್ಕಕ್ಕಿಡಿ. ಮೊದಲು ಸಪ್ಲೈಯರ್ ಹತ್ತಿರ ಮಾತಾಡಿ. ಇಡೀ ಊಟ ನಿಲ್ಲುವುದು ಈ ಐದು ನಿಮಿಷದ ಮೇಲೆ.

ಯಾವ ಮೀನು, ಎಷ್ಟು ದೊಡ್ಡದು? ಮೆನುವಿನಲ್ಲಿ ರೇಟಿನ ಜಾಗದಲ್ಲಿ ‘ಸೈಜ್ ನೋಡಿ’ ಅನ್ನುವ ಅರ್ಥದಲ್ಲಿ ಏನಾದರೂ ಬರೆದಿದ್ದರೆ, ಆ ಮೀನನ್ನು ರೇಟು ಕೇಳದೆ ಆರ್ಡರ್ ಮಾಡಲೇಬೇಡಿ. ಮಾಂಜಿ (ಪಾಂಫ್ರೆಟ್), ಕಾಣೆ, ದೊಡ್ಡ ಸಿಗಡಿ, ಏಡಿ ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. ‘ಈ ಮೀನಿಗೆ ಒಟ್ಟು ಎಷ್ಟಾಗುತ್ತದೆ?’ ಅಂತ ಕೇಳಿ. ನೂರು ಗ್ರಾಂಗೆ ಇಷ್ಟು ಅಂದರೆ ತೂಕ ಎಷ್ಟು ಅಂತಲೂ ಕೇಳಿ. ಬಿಲ್ ನೋಡಿ ಬೇಸರ ಆಗುವುದು ಬಹುತೇಕ ಈ ಒಂದು ಪ್ರಶ್ನೆ ಕೇಳದೇ ಇದ್ದಾಗ.

ತೋರಿಸುತ್ತೀರಾ? ಅನೇಕ ಕಡೆ ಹಸಿ ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸುತ್ತಾರೆ. ಸಂಕೋಚಪಡದೆ ನೋಡಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಲ್ಲಿ ಒತ್ತಿದರೆ ಮಾಂಸ ಗುಳಿ ಬೀಳದೆ ಮೇಲೆ ಬರಬೇಕು. ಕಣ್ಣು ಒಳಗೆ ಹೋಗಿ ಮಂಜಾಗಿದ್ದರೆ, ಕಿವಿರು ಕಂದಾಗಿದ್ದರೆ, ಹುಳಿ ವಾಸನೆ ಬಂದರೆ ಬೇಡ ಅನ್ನಿ. ಮೊದಲೇ ಮಸಾಲೆ ಹಚ್ಚಿಟ್ಟ ಮೀನಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಮಸಾಲೆ ಹಚ್ಚದ್ದು ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು.

ಒಂದು ಪ್ಲೇಟಿನಲ್ಲಿ ಎಷ್ಟು? ಬಂಗುಡೆ ಒಂದಾ ಎರಡಾ, ಅಂಜಲ್ ಎಷ್ಟು ತುಂಡು, ಸಿಗಡಿ ಎಷ್ಟು, ನೀರುದೋಸೆ ಮೂರಾ ನಾಲ್ಕಾ? ಹೋಟೆಲಿಂದ ಹೋಟೆಲಿಗೆ ಇದು ಬೇರೆ. ಎಂಟು ಜನಕ್ಕೆ ಐದು ತುಂಡು ಬಂದರೆ ಮೊದಲ ಸುತ್ತಿನಲ್ಲೇ ಎಲ್ಲರೂ ‘ನನಗೆ ಬೇಡ, ನೀವು ತಗೊಳ್ಳಿ’ ಅನ್ನಲು ಶುರುಮಾಡುತ್ತಾರೆ. ಎಣಿಸಿ ತರಿಸುವುದು ಸಣ್ಣತನ ಅಲ್ಲ.

ಇವತ್ತು ನೀವು ಏನು ತಿನ್ನುತ್ತೀರಿ? ‘ಯಾವುದು ಚೆನ್ನಾಗಿದೆ’ ಅಂದರೆ ಮಾಮೂಲಿ ಉತ್ತರ ಬರುತ್ತದೆ. ಹೀಗೆ ಕೇಳಿದರೆ ಅಡುಗೆಮನೆಯಲ್ಲಿ ನಿಜವಾಗಿ ಏನು ತಾಜಾ ಇದೆ ಅಂತ ತಿಳಿಯುತ್ತದೆ. ಎಷ್ಟೋ ಸಲ ಉತ್ತರ ಬೂತಾಯಿ ಅಥವಾ ಬಂಗುಡೆ ಆಗಿರುತ್ತದೆ. ರೇಟೂ ಕಡಿಮೆ, ರುಚಿಯೂ ಜಾಸ್ತಿ.

## ಹಂತ 5: ಮಸಾಲೆ ನೋಡಿ ಆರಿಸಿ, ಮೀನು ನೋಡಿ ಅಲ್ಲ

ಕೋಳಿ, ಮೀನು, ಸಿಗಡಿ ಅಂತ ಮೂರು ಬಗೆ ತರಿಸಿದರೆ ವೈವಿಧ್ಯ ಆಯಿತು ಅಂತ ಜನ ಅಂದುಕೊಳ್ಳುತ್ತಾರೆ. ಮೂರಕ್ಕೂ ಮಸಾಲೆ ಒಂದೇ ಆದರೆ ನಾಲಿಗೆಗೆ ಎಲ್ಲವೂ ಒಂದೇ. ಮಸಾಲೆ ನಾಲ್ಕು ಗೊತ್ತಿದ್ದರೆ ಸಾಕು.

ಘೀ ರೋಸ್ಟ್: ಬ್ಯಾಡಗಿ ಮೆಣಸಿನಕಾಯಿ, ಹುಣಸೆಹುಳಿ, ಧಾರಾಳ ತುಪ್ಪ. ಕುಂದಾಪುರದ ಕಡೆಯದು. ಕೆಂಪಗೆ ಗಟ್ಟಿಯಾಗಿ ಮೈಗೆ ಹತ್ತಿಕೊಂಡಿರುತ್ತದೆ. ಜಿಡ್ಡು ಜಾಸ್ತಿ, ಟೇಬಲ್‌ಗೆ ಒಂದೇ ಸಾಕು.

ಸುಕ್ಕ: ತೆಂಗಿನಕಾಯಿ ತುರಿ ಹಾಕಿ ಒಣಗಿಸಿದ್ದು. ಕೋಳಿಯದ್ದೂ ಚೆನ್ನ, ಮರುವಾಯಿ ಸುಕ್ಕ ಇನ್ನೂ ಚೆನ್ನ.

ಗಸಿ: ಕಾಯಿ ಅರೆದ ದಪ್ಪ ಗ್ರೇವಿ. ನೀರುದೋಸೆ, ರೊಟ್ಟಿ, ಅನ್ನ ಎಲ್ಲದಕ್ಕೂ ಹೊಂದುತ್ತದೆ.

ಪುಳಿಮುಂಚಿ: ಹುಳಿ ಖಾರ ಎರಡೂ ಮುಂದೆ ನಿಲ್ಲುತ್ತವೆ. ಬಂಗುಡೆ, ಬೂತಾಯಿಯಂಥ ಎಣ್ಣೆ ಜಾಸ್ತಿ ಇರುವ ಮೀನಿಗೆ ಇದು ಹೇಳಿ ಮಾಡಿಸಿದ್ದು.

ನಿಯಮ ಒಂದೇ: ಒಂದು ಮಸಾಲೆ ಒಂದೇ ಸಲ. ನಾಲ್ಕರಲ್ಲಿ ಒಂದೊಂದು ಬರಲಿ, ಜೊತೆಗೆ ಒಂದು ಫ್ರೈ.

ಫ್ರೈನಲ್ಲಿ ಎರಡು ಬಗೆ. ರವೆ ಹಚ್ಚಿದ್ದು ಗರಿಗರಿ, ಮಕ್ಕಳಿಗೆ ಇಷ್ಟ. ಬರೀ ಮಸಾಲೆ ಹಚ್ಚಿ ಕಾವಲಿ ಮೇಲೆ ಕಾಯಿಸಿದ್ದರಲ್ಲಿ ಮೀನಿನ ರುಚಿ ಸಿಗುತ್ತದೆ. ಕಾಣೆಗೆ ರವೆ ಸರಿ. ಬಂಗುಡೆಗೆ ರವೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರ ಚರ್ಮವೇ ಕಾವಲಿಯಲ್ಲಿ ಗರಿಯಾಗುತ್ತದೆ.

## ಹಂತ 6: ಲೆಕ್ಕ ಹಾಕಿ

ಮೂರು ಜನಕ್ಕೆ ಒಂದು ಗ್ರೇವಿ, ನಾಲ್ಕು ಜನಕ್ಕೆ ಒಂದು ಒಣ ಐಟಂ, ಇಬ್ಬರಿಗೆ ಒಂದು ಮಧ್ಯಮ ಗಾತ್ರದ ಕಾಣೆ. ಇದರಿಂದ ಶುರುಮಾಡಿ. ಕಡಿಮೆ ಬಿದ್ದರೆ ಇನ್ನೊಂದು ಹೇಳಬಹುದು, ಬಂದದ್ದನ್ನು ವಾಪಸ್ ಕಳಿಸಲಾಗದು.

ಎಂಟು ಜನರ ಒಂದು ಟೇಬಲ್ ತಗೊಳ್ಳೋಣ. ಆರು ಜನ ಎಲ್ಲ ತಿನ್ನುವವರು, ಒಬ್ಬರು ಸಸ್ಯಾಹಾರಿ, ಒಂದು ಮಗು.

- ಫ್ರೈ: ಕಾಣೆ ರವಾ ಫ್ರೈ ಮೂರು. ತಾಜಾ ಇದ್ದರೆ ಬೂತಾಯಿ ಫ್ರೈ ಒಂದು ಪ್ಲೇಟ್.
- ಒಣ ಐಟಂ: ಚಿಕನ್ ಘೀ ರೋಸ್ಟ್ ಒಂದು, ಮರುವಾಯಿ ಸುಕ್ಕ ಒಂದು.
- ಗ್ರೇವಿ: ಸಿಗಡಿ ಗಸಿ ಒಂದು, ಬಂಗುಡೆ ಪುಳಿಮುಂಚಿ ಒಂದು.
- ತರಕಾರಿ: ಕಡ್ಲೆ ಮನೋಳಿ (ಕಡಲೆ, ತೊಂಡೆಕಾಯಿ ಪಲ್ಯ) ಒಂದು. ಇದನ್ನು ಎಲ್ಲರೂ ತಿನ್ನುತ್ತಾರೆ, ಸಸ್ಯಾಹಾರಿಗೆ ಮಾತ್ರ ಅಂತ ಅಂದುಕೊಂಡು ಕಡಿಮೆ ತರಿಸಬೇಡಿ.
- ನೀರುದೋಸೆ: ಮೊದಲಿಗೆ ಮೂರು ಪ್ಲೇಟ್. ಉಳಿದದ್ದು ಆಮೇಲೆ.
- ಕುಚ್ಚಲಕ್ಕಿ ಅನ್ನ: ಮೂರು ಪ್ಲೇಟ್, ಕೊನೆಯ ಸುತ್ತಿಗೆ.

ಕೋರಿ ರೊಟ್ಟಿ (ಕೋಳಿ ಗಸಿಯ ಜೊತೆ ತಿನ್ನುವ ಗರಿಗರಿ ಅಕ್ಕಿ ರೊಟ್ಟಿ) ಬೇಕೆಂದರೆ ಒಂದು ವಿಷಯ ನೋಡಿಕೊಳ್ಳಿ. ಹಲವು ಕಡೆ ಆ ರೇಟಿನಲ್ಲೇ ಕೋಳಿ ಗಸಿಯೂ ಸೇರಿರುತ್ತದೆ. ಬೇರೆಯಾಗಿ ಕೋಳಿ ಗಸಿ ಹೇಳಿದರೆ ಎರಡೆರಡು ಬರುತ್ತದೆ.

ಬಟರ್ ನಾನ್, ಫ್ರೈಡ್ ರೈಸ್ ಮೆನುವಿನಲ್ಲಿ ಇದ್ದರೂ ಈ ಊಟಕ್ಕೆ ಬೇಡ. ಗಸಿಯ ಕಾಯಿರಸ ಹೀರಿಕೊಳ್ಳುವ ಮೆತ್ತಗಿನ ಗುಣ ನೀರುದೋಸೆಗಿದೆ, ಪುಂಡಿಗಿದೆ (ಅಕ್ಕಿ ಕಡುಬು). ನಾನ್ ಬರೀ ಹೊಟ್ಟೆ ತುಂಬಿಸುತ್ತದೆ.

## ಹಂತ 7: ಮೂರು ಸುತ್ತಾಗಿ ತರಿಸಿ

ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಎಲ್ಲವೂ ಒಟ್ಟಿಗೆ ಬರುತ್ತವೆ. ಅಡುಗೆಮನೆಯವರಿಗೆ ಅದೇ ಸುಲಭ. ‘ಹೇಳಿದಾಗ ತನ್ನಿ’ ಅಂತ ಸ್ಪಷ್ಟವಾಗಿ ಹೇಳಿ. ಪೂರ್ತಿ ಪಟ್ಟಿ ಒಮ್ಮೆಗೇ ಕೊಟ್ಟರೆ ಪರವಾಗಿಲ್ಲ, ಸುತ್ತು ಯಾವುದು ಅಂತ ಬರೆಸಿ.

ಮೊದಲ ಸುತ್ತು ಫ್ರೈ. ಕಾವಲಿಯಿಂದ ಇಳಿದ ಐದು ನಿಮಿಷದಲ್ಲಿ ತಿನ್ನಬೇಕು. ಫೋಟೋ ಆಮೇಲೆ. ಇದರ ಜೊತೆ ದೋಸೆ, ಅನ್ನ ಯಾವುದೂ ಬೇಡ.

ಎರಡನೇ ಸುತ್ತು ಘೀ ರೋಸ್ಟ್, ಸುಕ್ಕ, ನೀರುದೋಸೆ. ದೋಸೆ ಮಾತ್ರ ಎರಡು ಕಂತಿನಲ್ಲಿ ಬರಲಿ. ಮೊದಲ ಪ್ಲೇಟ್ ಅರ್ಧ ಮುಗಿಯುವಾಗ ಮುಂದಿನದಕ್ಕೆ ಹೇಳಿ. ನೀರುದೋಸೆ ತಣಿದರೆ ರಬ್ಬರಿನಂತಾಗುತ್ತದೆ, ಮತ್ತೆ ಬಿಸಿ ಮಾಡಿದರೂ ಸರಿಹೋಗುವುದಿಲ್ಲ.

ಮೂರನೇ ಸುತ್ತು ಗಸಿ, ಪುಳಿಮುಂಚಿ, ಅನ್ನ. ಇದನ್ನು ಕಳಿಸಿ ಅನ್ನುವ ಮುಂಚೆ ಟೇಬಲ್ ಸುತ್ತ ಒಮ್ಮೆ ನೋಡಿ. ಇಬ್ಬರು ಮೂವರು ಕೈ ನಿಲ್ಲಿಸಿ ಮಾತಿಗೆ ಕೂತಿದ್ದರೆ ಒಂದು ಗ್ರೇವಿ ರದ್ದು ಮಾಡಿ. ಒಲೆಗೆ ಹೋಗದ ಐಟಂ ರದ್ದು ಮಾಡಲು ಯಾರೂ ತಕರಾರು ಮಾಡುವುದಿಲ್ಲ. ಸುತ್ತು ಸುತ್ತಾಗಿ ತರಿಸುವುದರ ದೊಡ್ಡ ಲಾಭ ಇದೇ.

ನಡುವೆ ಕುಡಿಯಲು ಪುನರ್ಪುಳಿ (ಕೋಕಂ) ಶರಬತ್ತು ಅಥವಾ ಮಜ್ಜಿಗೆ. ಸೋಡಾ, ಕೋಲಾ ಕುಡಿದರೆ ಅರ್ಧ ಹೊಟ್ಟೆ ಅದಕ್ಕೇ ಹೋಗುತ್ತದೆ.

ಎಚ್ಚರಿಕೆಯ ಗುರುತು: ಹೇಳಿದ ಮೂರೇ ನಿಮಿಷಕ್ಕೆ ಮೀನು ಫ್ರೈ ಬಂದರೆ ಅದು ಮೊದಲೇ ಕಾಯಿಸಿಟ್ಟದ್ದು. ಹೊರಗೆ ಬಿಸಿ, ಮುಳ್ಳಿನ ಹತ್ತಿರ ತಣ್ಣಗೆ ಇದ್ದರೆ ವಾಪಸ್ ಕಳಿಸಿ.

## ಹಂತ 8: ಬಡಿಸುವುದು, ಮುಳ್ಳು ಬಿಡಿಸುವುದು

ಎಲ್ಲರೂ ಕೈಯಲ್ಲಿ ತಿನ್ನುವ ಟೇಬಲಿನಲ್ಲಿ ಎಂಜಲಿನ ಪ್ರಶ್ನೆ ಬರುತ್ತದೆ. ಪ್ರತಿ ಪಾತ್ರೆಗೂ ಅದರದ್ದೇ ಸೌಟು ಅಥವಾ ಚಮಚ ಇರಲಿ, ಎಡಗೈಯಲ್ಲಿ ಹಿಡಿದು ಬಡಿಸಿಕೊಳ್ಳಿ. ತಿನ್ನುವ ಕೈ ಪಾತ್ರೆಗೆ ಹೋಗಬಾರದು. ಚಮಚ ಕಡಿಮೆ ಇದ್ದರೆ ಊಟ ಶುರುವಾಗುವ ಮುಂಚೆ ಕೇಳಿ. ಹಿರಿಯರಿಗೆ, ಮಕ್ಕಳಿಗೆ ಮೊದಲು ಬಡಿಸಿ. ಆಮೇಲೆ ಯಾರ ಒತ್ತಾಯವೂ ಬೇಡ. ‘ಇನ್ನೊಂದು ತಗೊಳ್ಳಿ’ ಅಂತ ತಟ್ಟೆಗೆ ಹಾಕಿದ ಮೀನು ಅನೇಕ ಸಲ ತಟ್ಟೆಯಲ್ಲೇ ಉಳಿಯುತ್ತದೆ.

ಇಡೀ ಮೀನನ್ನು ಹಂಚುವಾಗ ನಡುವೆ ಅಡ್ಡ ಮುರಿಯಬೇಡಿ. ಮುಳ್ಳು ಚೂರಾಗಿ ಎಲ್ಲರ ಪಾಲಿಗೂ ಹೋಗುತ್ತದೆ. ಬೆನ್ನಿನ ಗೆರೆಯ ಉದ್ದಕ್ಕೆ ಚಮಚ ಇಳಿಸಿ. ಮೇಲಿನ ಮಾಂಸವನ್ನು ಎರಡು ಕಡೆಗೆ ಸರಿಸಿ. ಬಾಲದ ತುದಿ ಹಿಡಿದು ನಡುಮುಳ್ಳನ್ನು ನಿಧಾನಕ್ಕೆ ಎತ್ತಿದರೆ ತಲೆಯವರೆಗೆ ಒಟ್ಟಿಗೆ ಬರುತ್ತದೆ. ಈಗ ಕೆಳಗಿನ ಮಾಂಸ ಪೂರ್ತಿ ಬಿಡಿಸಿದಂತಾಯಿತು. ಕಾಣೆ, ಮಾಂಜಿ ಎರಡಕ್ಕೂ ಇದೇ ಕ್ರಮ.

ಮಕ್ಕಳಿಗೆ ಅಂಜಲ್ ಅಥವಾ ಕಾಣೆ ಕೊಡಿ. ಬೂತಾಯಿಯಲ್ಲಿ ಕೂದಲಿನಷ್ಟು ಸಣ್ಣ ಮುಳ್ಳುಗಳು ತುಂಬ. ಅದು ರೂಢಿ ಇದ್ದವರ ಮೀನು. ತಲೆ ಯಾರಿಗೆ ಬೇಕು ಅಂತ ಕೇಳಿ, ಸುಮ್ನೆ ಬಿಸಾಡಬೇಡಿ. ಪ್ರತಿ ಗುಂಪಿನಲ್ಲೂ ತಲೆಗಾಗಿ ಕಾಯುವವರು ಒಬ್ಬರು ಇರುತ್ತಾರೆ.

ಮರುವಾಯಿಯಲ್ಲಿ ಬೆಂದ ಮೇಲೂ ಬಾಯಿ ತೆರೆಯದ ಚಿಪ್ಪು ಸಿಕ್ಕರೆ ಬಲವಂತವಾಗಿ ತೆಗೆಯಬೇಡಿ, ಪಕ್ಕಕ್ಕಿಡಿ.

## ಹಂತ 9: ಅಲರ್ಜಿ ಮತ್ತು ಸಸ್ಯಾಹಾರ

ಇದನ್ನು ಕೊನೆಗೆ ಹೇಳುತ್ತಿದ್ದರೂ ಹಂತ 4ರಲ್ಲೇ ಮಾತಾಡಬೇಕು. ಸಿಗಡಿ, ಏಡಿ ಆಗದವರು ಇದ್ದರೆ ‘ಸಿಗಡಿ ಬೇಡ’ ಅಂದರೆ ಸಾಲದು. ‘ಅಲರ್ಜಿ ಇದೆ, ಆಸ್ಪತ್ರೆಗೆ ಹೋಗಬೇಕಾಗುತ್ತದೆ’ ಅಂತಲೇ ಹೇಳಿ. ಕರಾವಳಿ ಅಡುಗೆಯಲ್ಲಿ ಸಿಗಡಿ ಕಾಣದ ಜಾಗದಲ್ಲೂ ಇರುತ್ತದೆ. ಚಟ್ನಿಯಲ್ಲಿ ಒಣ ಸಿಗಡಿ ಅರೆದಿರಬಹುದು. ಬಸಳೆ ಸೊಪ್ಪಿನ ಸಾರಿಗೆ ಸಿಗಡಿ ಹಾಕುವ ರೂಢಿ ಮನೆಗಳಲ್ಲೇ ಇದೆ. ಸಸ್ಯಾಹಾರಿಗಳೂ ಬಸಳೆಯನ್ನು ಕೇಳಿಯೇ ತಿನ್ನಬೇಕು.

ಕಾವಲಿಯ ವಿಷಯವೂ ಕೇಳಿ. ಮೀನು ಕಾಯಿಸಿದ ಕಾವಲಿಯಲ್ಲೇ ಪನೀರ್ ಕಾಯಿಸುತ್ತಾರಾ? ಉತ್ತರ ಗೊಂದಲದಲ್ಲಿ ಬಂದರೆ ಫ್ರೈ ಬಿಟ್ಟು ಪಲ್ಯ, ಸಾರು ಆರಿಸಿ.

ಇನ್ನೊಂದು ಗುರುತನ್ನು ಎಲ್ಲರೂ ತಿಳಿದಿರಬೇಕು. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಮೀನನ್ನು ಹಿಡಿದ ಮೇಲೆ ಸರಿಯಾಗಿ ಐಸ್‌ನಲ್ಲಿ ಇಡದಿದ್ದರೆ ಹಿಸ್ಟಮಿನ್ ಅನ್ನುವ, ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಉಂಟಾಗುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಬಾಯಿಗಿಟ್ಟ ಕೂಡಲೇ ಮೆಣಸಿನ ಖಾರವಲ್ಲದ ಚುರುಚುರು ಉರಿ ನಾಲಿಗೆಗೆ ಬಂದರೆ ಆ ಮೀನು ಬಿಟ್ಟುಬಿಡಿ, ಉಳಿದವರಿಗೂ ಹೇಳಿ. ಮುಖ ಕೆಂಪಾಗುವುದು, ತಲೆನೋವು, ಎದೆ ಡವಡವ ಶುರುವಾದರೆ ವೈದ್ಯರ ಹತ್ತಿರ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ಕಾಯಬೇಡಿ.

## ಹಂತ 10: ಬಿಲ್ ಮತ್ತು ಪಾರ್ಸೆಲ್

ಬಿಲ್‌ನಲ್ಲಿ ಮೊದಲು ಸೈಜ್ ಮೇಲಿನ ರೇಟಿನ ಮೀನು ನೋಡಿ. ಹೇಳಿದ್ದಷ್ಟೇ ಹಾಕಿದ್ದಾರಾ? ಆಮೇಲೆ ರದ್ದು ಮಾಡಿದ ಐಟಂ ಉಳಿದಿದೆಯಾ, ದೋಸೆ ಪ್ಲೇಟಿನ ಲೆಕ್ಕ ಸರಿಯಾ ನೋಡಿ. ಸಾಮಾನ್ಯ ಹೋಟೆಲುಗಳಲ್ಲಿ ಜಿಎಸ್‌ಟಿ ಶೇಕಡಾ 5. ದೊಡ್ಡ ಸ್ಟಾರ್ ಹೋಟೆಲುಗಳ ಒಳಗಿನ ರೆಸ್ಟೋರೆಂಟಾದರೆ 18 ಇರಬಹುದು.

ಸರ್ವಿಸ್ ಚಾರ್ಜ್ ಬೇರೆ ವಿಷಯ. ಅದು ತೆರಿಗೆ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಅದನ್ನು ಬಿಲ್‌ಗೆ ತಾನಾಗಿ ಸೇರಿಸುವಂತಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಲು ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಟಿಪ್ಸನ್ನು ಮಾತ್ರ ಮರೆಯಬೇಡಿ. ಮೂರು ಸುತ್ತು ನೆನಪಿಟ್ಟು ಬಿಸಿ ಬಿಸಿ ದೋಸೆ ತಂದುಕೊಟ್ಟ ಸಪ್ಲೈಯರ್ ಕೈಗೇ ಕೊಡಿ.

ಖರ್ಚು ಹಂಚುವಾಗ ಸಸ್ಯಾಹಾರಿ ಮತ್ತು ಮಗುವಿನ ಪಾಲು ಬೇರೆ ಲೆಕ್ಕ ಹಾಕಿ. ಕುಡಿಯುವವರು ಇದ್ದರೆ ಆ ಬಿಲ್ ಬೇರೆಯೇ ಮಾಡಿಸಿ.

ಉಳಿದದ್ದರಲ್ಲಿ ಪಾರ್ಸೆಲ್‌ಗೆ ತಕ್ಕದ್ದು ಪುಳಿಮುಂಚಿ, ಘೀ ರೋಸ್ಟ್, ಸುಕ್ಕ. ಗಸಿ ಕಾಯಿಯದ್ದು, ಬೇಗ ಹಳಸುತ್ತದೆ. ಊಟ ಮುಗಿದ ಎರಡು ಗಂಟೆಯೊಳಗೆ ಫ್ರಿಜ್ ಸೇರದಿದ್ದರೆ ಬೇಡ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನಲ್ಲಿ ಇಡುವುದಾದರೆ ಇನ್ನೂ ಬೇಗ ಕೆಡುತ್ತದೆ. ಸೌಟು ಮಾತ್ರ ಮುಟ್ಟಿದ ಪಾತ್ರೆಯದ್ದನ್ನು ಕಟ್ಟಿಸಿ, ತಟ್ಟೆಯಲ್ಲಿ ಉಳಿದದ್ದನ್ನಲ್ಲ. ಪುಳಿಮುಂಚಿಯನ್ನು ಮರುದಿನ ಚೆನ್ನಾಗಿ ಕುದಿಸಿ, ಬಿಸಿ ಕುಚ್ಚಲಕ್ಕಿ ಗಂಜಿ ಜೊತೆ ತಿನ್ನಿ. ಹುಳಿ ಖಾರ ಮೀನಿಗೆ ಪೂರ್ತಿ ಇಳಿದಿರುತ್ತದೆ.